ಬಿಳಿ ಮರಳಿನಲ್ಲಿ ಹೂತ ಬೀಗಿತ್ತಿ

ನಮ್ಮ ದ್ವೀಪದ ದಕ್ಷಿಣ ತುದಿಯಲ್ಲಿರುವ ಬಿಳಿ ಮರಳಿನ ದಂಡೆಗೆ ರಸ್ತೆಯಿಲ್ಲ. ಸಿಡೇರಿಸನ ದೋಣಿಯಲ್ಲಿ ಹೋಗಬೇಕು, ಇಲ್ಲವೇ ಮೇಕೆಗಳ ಹಿಂದೆ ಗುಡ್ಡ ಇಳಿಯಬೇಕು. ಬೇಸಿಗೆಯಲ್ಲಿ ಅಥೆನ್ಸಿನಿಂದ ಬರುವ ಜನ ಬಂದರಿನ ಪಕ್ಕದಲ್ಲೇ ಕೊಡೆ ನೆಟ್ಟುಕೊಂಡು ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ಅವರಿಗೆ ಅದೇ ಸುಖ, ಇರಲಿ ಬಿಡಿ. ನಾವು ಆ ಬಿಳಿ ಮರಳಿಗೆ ಹೋಗುವುದು ಈಜುವುದಕ್ಕಲ್ಲ, ಮೈಕೈ ನೋವಿಗೆ. ಸಿಡೇರಿಸನ ಹೆಂಡತಿ ಅನೆಜೀನಾ ನೋವಿನವರನ್ನು ಬಿಸಿ ಮರಳಿನಲ್ಲಿ ಕುತ್ತಿಗೆಯವರೆಗೆ ಹೂಳುತ್ತಾಳೆ. ಹೋಗುವಾಗ ಕುಂಟುತ್ತಾ ಹೋದವರು ಬರುವಾಗ ದೋಣಿಯಿಂದ ತಾವೇ ಇಳಿಯುತ್ತಾರೆ. ಕುಂಟುತ್ತಲೇ ಬಂದವರೂ ಇದ್ದಾರೆ. ಅವರು ಪೂರ್ತಿ ಬೇಯುವ ಮೊದಲೇ ಎದ್ದವರು ಎಂಬುದು ಅನೆಜೀನಾಳ ತೀರ್ಪು.

ಈ ಕೆಲಸ ಅವಳಿಗೆ ತಾಯಿ ನೊಮಿಕಿಯಿಂದ ಬಂದದ್ದು. ಕರಿ ಮರಳು ಸುಡುತ್ತದೆ, ಬಿಳಿ ಮರಳು ಬೇಯಿಸುತ್ತದೆ ಎನ್ನುತ್ತಿದ್ದಳಂತೆ ಆ ಮುದುಕಿ. ಬೆಳಿಗ್ಗೆಯೇ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು. ಮಲಗಿಸಿ ಮರಳು ಎಳೆದ ಮೇಲೆ ತಲೆಗೆ ನೆರಳು ಕಟ್ಟಿ, ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತಾ ಪಕ್ಕದಲ್ಲೇ ಕೂತಿರಬೇಕು. ಹೂಳಿದವಳು ಬಿಟ್ಟು ಏಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೂತವರ ಮುಂದೆ ಕಹಿ ಮಾತು ಆಡಬಾರದು. ಆಡಿದರೆ ಹೊರಡುತ್ತಿದ್ದ ನೋವು ತಿರುಗಿ ಮೂಳೆಗೆ ಇಳಿದು ಅಲ್ಲೇ ಸಂಸಾರ ಹೂಡುತ್ತದೆ. ಊರಲ್ಲಿ ಎಲ್ಲರೊಡನೆಯೂ ಕಡ್ಡಿ ತುಂಡು ಮಾಡಿದಂತೆ ಮಾತಾಡುವ ಅನೆಜೀನಾ ಆ ದಂಡೆಯಲ್ಲಿ ಮಾತ್ರ ಬೆಣ್ಣೆ. ಹೆಂಡತಿಯ ಹತ್ತಿರ ಒಳ್ಳೆಯ ಮಾತು ಕೇಳಬೇಕು ಅನ್ನಿಸಿದರೆ ನಾನೂ ಹೋಗಿ ಹೂಳಿಸಿಕೊಳ್ಳುತ್ತೇನೆ ಎಂದು ಸಿಡೇರಿಸ್ ಕಾಫಿ ಅಂಗಡಿಯಲ್ಲಿ ಹೇಳುತ್ತಾನೆ.

ಆ ಆಗಸ್ಟಿನಲ್ಲಿ ಅನೆಜೀನಾಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ಮೊಮ್ಮಗಳ ಹೆಸರು. ಭಾನುವಾರ ಚರ್ಚಿನಲ್ಲಿ ಮಗುವಿಗೆ ಜ್ಞಾನಸ್ನಾನ, ಹೆಸರಿಡುವುದೂ ಆಗಲೇ. ಅಲ್ಲಿಯವರೆಗೆ ಎಲ್ಲ ಮಕ್ಕಳಂತೆ ಅದೂ ಬರೀ ಪಾಪು. ನಮ್ಮ ದ್ವೀಪದಲ್ಲಿ ಮೊದಲ ಹೆಣ್ಣು ಮಗುವಿಗೆ ತಾಯಿಯ ತಾಯಿಯ ಹೆಸರು, ಅದರಲ್ಲಿ ಎರಡು ಮಾತಿಲ್ಲ. ಅನೆಜೀನಾಳ ತಾಯಿ ನೊಮಿಕಿ, ಮಗಳು ನೊಮಿಕಿ. ಅಜ್ಜಿ ಅನೆಜೀನಾ, ಆದ್ದರಿಂದ ಮೊಮ್ಮಗಳು ಅನೆಜೀನಾ. ಮಗ್ಗದ ಲಾಳಿಯಂತೆ ಆ ಎರಡು ಹೆಸರು ಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಬಂದಿವೆ. ಆದರೆ ಅಳಿಯ ಲಾಂಬ್ರೋಸ್ ದೂರದ ಥೆಸ್ಸಾಲಿಯ ಬಯಲಿನವನು. ಅವರ ಕಡೆ ಮೊದಲ ಹೆಣ್ಣಿಗೆ ತಂದೆಯ ತಾಯಿಯ ಹೆಸರು, ಅದರಲ್ಲೂ ಎರಡು ಮಾತಿಲ್ಲ. ಅವನ ತಾಯಿಯ ಹೆಸರೋ, ಗರಿಫಲ್ಯಾ.

“ಮಗೂಗಿಂತ ಹೆಸರೇ ಉದ್ದ ಇದೆಯಲ್ಲೇ,” ಎಂದಿದ್ದಳು ಅನೆಜೀನಾ ಮಗಳಿಗೆ. “ಕರೆದು ಮುಗಿಸೋ ಹೊತ್ತಿಗೆ ಹುಡುಗಿ ಸಮುದ್ರಕ್ಕೆ ಬಿದ್ದಿರ್ತಾಳೆ.”

“ಅಮ್ಮಾ, ಹೆಸರು ಹೇಳೋದು ನಾನಲ್ಲ, ಧರ್ಮತಾಯಿ. ನೀವಿಬ್ಬರು ಅಜ್ಜಿಯರು ಏನಾದ್ರೂ ಮಾಡ್ಕೊಳ್ಳಿ, ನನ್ನ ಬಿಡಿ,” ಎಂದು ನೊಮಿಕಿ ಜಾರಿಕೊಂಡಿದ್ದಳು. ಧರ್ಮತಾಯಿ ಎಂದರೆ ನಮ್ಮ ರೊಟ್ಟಿ ಅಂಗಡಿಯ ಝಂಬೇಟಾ, ಅನೆಜೀನಾಳ ಬಾಲ್ಯದ ಗೆಳತಿ. ಹಾಗಾಗಿ ಆ ಕೆಲಸ ಯಾವತ್ತೋ ಆಗಿಹೋಗಿತ್ತು. ಒಂದೇ ಅಳುಕು: ಬೀಗಿತ್ತಿ ಚರ್ಚಿನಲ್ಲಿ ಎಲ್ಲರೆದುರು ಮುಖ ಗಂಟಿಕ್ಕಿದರೆ? ಮೊದಲೇ ಅವಳ ಬಾಯಲ್ಲೇ ಒಪ್ಪಿಗೆ ಹೇಳಿಸಿಬಿಟ್ಟರೆ ಚೆನ್ನ. ಹಡಗಿನಿಂದ ಮಂಡಿ ಹಿಡಿದುಕೊಂಡು ಇಳಿದ ಬೀಗಿತ್ತಿಯನ್ನು ನೋಡಿದ ಕೂಡಲೇ ಅನೆಜೀನಾಳಿಗೆ ದಾರಿ ಹೊಳೆಯಿತು. ಹೂತ ಮನುಷ್ಯ ಎದ್ದು ಓಡಿಹೋಗಲಾರ.

ಶನಿವಾರ ಸಿಡೇರಿಸ್ ಇಬ್ಬರನ್ನೂ ದಂಡೆಗೆ ಬಿಟ್ಟು, ದೋಣಿಯನ್ನು ಬಂಡೆಯ ನೆರಳಿಗೆ ಒಯ್ದು ಮಲಗಿದ. ಗಾಳಿ ಇರಲಿಲ್ಲ. ಮರಳು ಹಿಟ್ಟಿನಷ್ಟು ನುಣ್ಣಗಿತ್ತು, ನೀರು ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಹುಟ್ಟಿದಾಗಿನಿಂದ ಹತ್ತಿ ಹೊಲ ಬಿಟ್ಟು ಬೇರೇನೂ ನೋಡದ ಹೆಂಗಸು ಗರಿಫಲ್ಯಾ. ಚಪ್ಪಲಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು.

“ಇಲ್ಲಿ ಯಾರೂ ಇಲ್ವಲ್ಲ ಬೀಗ್ರೇ,” ಎಂದಳು.

“ಯಾರಿರಬೇಕು? ಬಟ್ಟೆ ಬಿಚ್ಚಿ, ಮಲಗಿ. ನಾಚಿಕೆ ಪಡೋಕೆ ಇಲ್ಲಿ ಮೀನು ಬಿಟ್ರೆ ಗಂಡಸರಿಲ್ಲ. ನಮ್ಮನೆಯವ್ರು ಗೊರಕೆ ಹೊಡೀತಿದಾರೆ, ಅವ್ರು ಲೆಕ್ಕಕ್ಕಿಲ್ಲ.”

ಒಳಲಂಗದಲ್ಲೇ ಮಲಗಿದ ಬೀಗಿತ್ತಿಯ ಮೇಲೆ ಅನೆಜೀನಾ ಪಾದದಿಂದ ಶುರುಮಾಡಿ ಮರಳು ಎಳೆದಳು. ಮಂಡಿಯ ಮೇಲೆ ಒಂದು ಬೊಗಸೆ ಹೆಚ್ಚು. ಕೈ ಮುಚ್ಚಿತು, ಎದೆ ಮುಚ್ಚಿತು, ಕೊನೆಗೆ ತಲೆಯೊಂದೇ ಉಳಿಯಿತು. ಹುಲ್ಲಿನ ಟೋಪಿ ಕವುಚಿ, ಕೋಲು ನೆಟ್ಟು ಹಾಸಿಗೆ ಬಟ್ಟೆಯ ನೆರಳು ಕಟ್ಟಿದಳು.

“ಹೇಗಿದೆ?”

“ಅಯ್ಯೋ, ಎಷ್ಟು ಹಿತವಾಗಿದೆ,” ಎಂದು ಕಣ್ಣು ಮುಚ್ಚಿದಳು ಗರಿಫಲ್ಯಾ. “ನಮ್ಮವ್ವ ಚಳಿಗಾಲದಲ್ಲಿ ಕಂಬಳಿ ಹೊದಿಸ್ತಿದ್ಳು, ಹಾಗಿದೆ.”

ಸರಿ, ಮಾತಿಗೆ ಇದೇ ಹೊತ್ತು. ಅನೆಜೀನಾ ಗಂಟಲು ಸರಿಮಾಡಿಕೊಂಡಳು. ಆದರೆ ಹೇಗೆ ಶುರುಮಾಡಿದರೂ ಕಹಿಯೇ ಬರುತ್ತಿತ್ತು. ನಿಮ್ಮ ಹೆಸರು ಬೇಡ ಎನ್ನುವುದನ್ನು ಸಿಹಿಯಾಗಿ ಹೇಳುವ ಬಗೆ ಅವಳಿಗೆ ಹೊಳೆಯಲಿಲ್ಲ. ತಾನೇ ತೋಡಿದ ಗುಂಡಿಯ ಪಕ್ಕ ತಾನೇ ಸಿಕ್ಕಿಬಿದ್ದಂತಾಗಿ, ಬಟ್ಟೆ ಅದ್ದಿ ಬೀಗಿತ್ತಿಯ ಮುಖ ಒರೆಸಿದಳು.

“ನಾಳೆ ಮಗೂಗೆ ನಿಮ್ಮ ಹೆಸರೇ ಅಲ್ವಾ ಬೀಗ್ರೇ?” ಎಂದಳು ಗರಿಫಲ್ಯಾ, ಕಣ್ಣು ಮುಚ್ಚಿಕೊಂಡೇ. “ಲಾಂಬ್ರೋಸ್ ಹೇಳ್ದ, ಇಲ್ಲಿ ಹಾಗಂತೆ. ಇರ್ಲಿ. ಚೆನ್ನಾಗಿದೆ ಹೆಸರು.”

ಬೇಕಾದದ್ದು ಬಾಯಿಗೇ ಬಂದು ಬಿದ್ದಿತ್ತು. ಎದ್ದು ಕುಣಿಯಬೇಕಿತ್ತು ಅನೆಜೀನಾ. ಆದರೆ ಆ ‘ಇರ್ಲಿ’ ಅವಳಿಗೆ ಹಿಡಿಸಲಿಲ್ಲ. ಮೂರ್ಖಳಲ್ಲ ಅವಳು.

“ನಿಮಗೆ ಬೇಜಾರಾ?” ಎಂದು ಕೇಳಿಯೇಬಿಟ್ಟಳು.

“ಬೇಜಾರೇನು,” ಎಂದಳು ಗರಿಫಲ್ಯಾ. “ನಮ್ಮ ಕಡೆ ಮದುವೆ ಆದ ಹೆಂಗಸನ್ನ ಹೆಸರು ಹಿಡಿದು ಕರೆಯಲ್ಲ ಬೀಗ್ರೇ. ಗಂಡ ಥನಾಸಿಸ್, ಹಾಗಾಗಿ ನಾನು ಥನಾಸೆನಾ. ಅತ್ತೆ ಹಾಗೇ ಕರೆದ್ರು, ಊರೂ ಹಾಗೇ ಕರೀತು. ಮಕ್ಕಳಿಗೆ ಅವ್ವ. ಗಂಡನಿಗೆ ‘ಏ ಇವಳೇ’. ನಮ್ಮವ್ವ ಹೋದ್ಮೇಲೆ ಗರಿಫಲ್ಯಾ ಅಂತ ಒಬ್ರೂ ಕೂಗಿಲ್ಲ.”

“ಮೊಮ್ಮಕ್ಕಳು?”

“ದೊಡ್ಡವನಿಗೆ ಎರಡೂ ಗಂಡೇ. ನಡುವಿನವನು ಮದುವೇನೇ ಬೇಡ ಅಂದ. ಇದೊಂದು ಹೆಣ್ಣು ಹುಟ್ತು ಅಂದಾಗ ನಂಗೆ... ಒಂದು ಸಲ ಅಂಗಳದಲ್ಲಿ ಯಾರಾದ್ರೂ ಆ ಹೆಸರು ಕೂಗೋದು ಕೇಳೋಣ ಅನ್ನಿಸ್ತು, ಅಷ್ಟೇ. ಮುದುಕಿ ಆಸೆ. ನೀವು ಮನಸ್ಸಿಗೆ ಹಚ್ಕೋಬೇಡಿ.”

ಮುಖದ ಮೇಲೆ ಹರಿದದ್ದು ಬೆವರೋ ಕಣ್ಣೀರೋ. ಒರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ. ಅನೆಜೀನಾ ಒರೆಸಿದಳು, ಮತ್ತೆ ಒರೆಸಿದಳು. ಅನೆಜೀನಾ ಎಂಬ ಹೆಸರನ್ನೋ, ನಮ್ಮ ದ್ವೀಪದಲ್ಲಿ ಬಾವಿಕಟ್ಟೆಯಲ್ಲಿ ನಿಂತು ಕೂಗಿದರೆ ಅರ್ಧ ಊರಿನ ಹೆಂಗಸರು ತಿರುಗಿ ನೋಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅನೆಜೀನಾ, ಅನೆಜೀನಾ ಎಂದು ಕೂಗಿಸಿಕೊಂಡು ಅವಳಿಗೆ ಸಾಕಾಗಿಯೂ ಇತ್ತು. ಆದರೂ ಬಿಡಲು ಮನಸ್ಸು ಬರಲಿಲ್ಲ. ತಾಯಿ ನೊಮಿಕಿ ಇದೇ ಮರಳಿನಲ್ಲಿ ಕೂತು ನೋಡುತ್ತಿರುವಂತೆ ಅನಿಸಿ, ಅವಳು ಏನನ್ನುತ್ತಾಳೋ ಎಂದು ಕಡಲಿನ ಕಡೆ ಮುಖ ಮಾಡಿ ಕೂತಳು. ಕಡಲು ತನ್ನ ಪಾಡಿಗೆ ತಾನಿತ್ತು.

ಹೊತ್ತು ತಿರುಗಿದ ಮೇಲೆ ಅನೆಜೀನಾ ಮರಳು ಸರಿಸಿದಳು. ಬೀಗಿತ್ತಿ ಎದ್ದು, ಕಂಬಳಿ ಸುತ್ತಿಕೊಂಡು ದೋಣಿಯವರೆಗೆ ಯಾರ ತೋಳನ್ನೂ ಹಿಡಿಯದೆ ನಡೆದಳು. ಸಿಡೇರಿಸ್ ಕಣ್ಣುಜ್ಜಿಕೊಂಡು, “ಬೆಂದ್ರಾ?” ಎಂದು ಕೇಳಿದ.

“ನಾನು ಬೆಂದೆ,” ಎಂದಳು ಅನೆಜೀನಾ.

ಸಂಜೆ ಅವಳು ರೊಟ್ಟಿ ಅಂಗಡಿಗೆ ಹೋದಳು. ವಿಷಯ ಕೇಳಿದ ಝಂಬೇಟಾ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡಳು.

“ಬಿಸಿಲು ತಲೆಗೆ ಹತ್ತಿದ್ಯೇನೇ ನಿಂಗೆ? ತಿಂಗಳಿಂದ ನನ್ನ ತಲೆ ತಿಂದು ಈಗ ಹೀಗಂತೀಯ. ನಿಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ.”

“ಬಂದ್ರೆ ಮೈಕೈ ನೋವಿಗೆ ಅವಳನ್ನೂ ಹೂಳ್ತೀನಿ. ಹೇಳಿದಷ್ಟು ಮಾಡೇ.”

“ಆಮೇಲೆ ಅಳೋಕೆ ನನ್ನ ಹತ್ರ ಬರಬೇಡ.”

“ನಿನ್ನ ಹತ್ರ ಅಲ್ದೆ ಇನ್ಯಾರ ಹತ್ರ ಹೋಗ್ಲಿ,” ಎಂದು ಅನೆಜೀನಾ ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕೂತು ಸ್ವಲ್ಪ ಅತ್ತಳು. ಝಂಬೇಟಾ ಒಂದು ಬಿಸಿ ರೊಟ್ಟಿ ಮುರಿದು ಅವಳ ಕೈಗಿಟ್ಟಳು.

ಭಾನುವಾರ ಚರ್ಚು ತುಂಬಿತ್ತು. ನಮ್ಮಲ್ಲಿ ಹೆಸರು ಹೇಳುವಾಗ ಹೆತ್ತವಳು ಒಳಗಿರುವುದಿಲ್ಲ. ನೊಮಿಕಿ ಹೊರಗೆ ಅಂಗಳದಲ್ಲಿ ಕಾಯುತ್ತಿದ್ದಳು, ಹೆಸರನ್ನು ಅವಳ ಬಳಿಗೆ ಹೊತ್ತುಕೊಂಡು ಓಡಲು ಊರಿನ ಮಕ್ಕಳೆಲ್ಲ ಬಾಗಿಲಲ್ಲಿ ತುದಿಗಾಲಲ್ಲಿ ನಿಂತಿದ್ದರು. ಮುಂದಿನ ಬೆಂಚಿನಲ್ಲಿ ಇಬ್ಬರು ಅಜ್ಜಿಯರು ಅಕ್ಕಪಕ್ಕ ಕೂತಿದ್ದರು. ಗರಿಫಲ್ಯಾ ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು, ಇನ್ನೊಬ್ಬರ ಮನೆಯ ಸಂತೋಷಕ್ಕೆ ಬಂದವಳಂತೆ ನಗುಮುಖ ಮಾಡಿಕೊಂಡಿದ್ದಳು. ಪಾದ್ರಿ ಮಗುವನ್ನು ನೀರಿನ ಮೇಲೆ ಎತ್ತಿ ಹಿಡಿದು ಹೆಸರು ಕೇಳಿದರು.

“ಗರಿಫಲ್ಯಾ,” ಎಂದಳು ಝಂಬೇಟಾ, ಒಲೆಯ ಮುಂದೆ ಕೂಗಿ ಅಭ್ಯಾಸವಾದ ಗಂಟಲಿನಲ್ಲಿ.

ಮಕ್ಕಳು ಓಡಿದರು. ಅಂಗಳದಲ್ಲಿ ಒಬ್ಬರಿಗಿಂತ ಒಬ್ಬರು ಜೋರಾಗಿ ಗರಿಫಲ್ಯಾ, ಗರಿಫಲ್ಯಾ ಎಂದು ಕೂಗತೊಡಗಿದರು. ಬೆಂಚಿನಿಂದ ಬೀಗಿತ್ತಿ ಥಟ್ಟನೆ ಎದ್ದು ನಿಂತಳು. ಮಂಡಿ ನೋವಿನ ನೆನಪೂ ಅವಳಿಗಿರಲಿಲ್ಲ.

“ಬಂದೆ ಅವ್ವಾ,” ಎಂದಳು ಬಾಗಿಲಿನ ಕಡೆ ತಿರುಗಿ.

ಅನೆಜೀನಾ ಅವಳ ಕೈ ಹಿಡಿದು ಮೆಲ್ಲಗೆ ಕೂರಿಸಿದಳು.

“ನಿಮ್ಮನ್ನಲ್ಲ ಬೀಗ್ರೇ,” ಎಂದಳು. “ನಿಮ್ಮ ಮೊಮ್ಮಗಳನ್ನ ಕರೀತಿದಾರೆ.”