ಗಡ್ಡೆ ಕರಗಿಸಿದ ಲೇಹ್ಯ

ತೊಂಬತ್ತರ ದಶಕದ ನಡುವಿನಲ್ಲಿ, ಪಾಂಡವಪುರದಲ್ಲಿ, ಒಂದು ವರ್ಷ ನಾನೂ ಡಾಕ್ಟರಾಗಿದ್ದೆ. ಓದಿದ್ದು ಪಿಯುಸಿ, ಅದೂ ಎರಡನೇ ಸಲಕ್ಕೆ ಪಾಸು.

ಬಸುರಿಯಾದ ಮೂರನೇ ತಿಂಗಳಲ್ಲಿ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿದಾಗ ನನ್ನ ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು. ಮುಟ್ಟಿನ ಹಳೇ ರಕ್ತ ತುಂಬಿಕೊಂಡ ಗಡ್ಡೆ, ತಿಂಗಳಿಗೊಮ್ಮೆ ನಾನು ಚಾಪೆಯ ಮೇಲೆ ಉರುಳಾಡುತ್ತಿದ್ದುದು ಅದರಿಂದಲೇ ಎಂದರು ಡಾಕ್ಟರಮ್ಮ. ಏಳನೇ ತಿಂಗಳಿಗೆ ಅದು ಗೋಲಿಯಷ್ಟಾಯಿತು. ಹೆರಿಗೆಯಾಗಿ ಮೂರು ತಿಂಗಳಿಗೆ ನೋಡಿದರೆ ಇಲ್ಲವೇ ಇಲ್ಲ.

"ಸದ್ಯಕ್ಕೆ ಕಾಣ್ತಿಲ್ಲ. ಹಾಲು ಕುಡಿಸೋವರೆಗೂ ಗಡ್ಡೆ ಸುಮ್ಮನಿರಬಹುದು. ಮುಟ್ಟು ಶುರುವಾದ ಮೇಲೆ ಬಂದು ತೋರಿಸಿ" ಎಂದರು. ನನ್ನ ಕಿವಿ ಮೊದಲ ಮಾತಿಗೇ ಬಾಗಿಲು ಹಾಕಿಕೊಂಡಿತ್ತು.

ಚಿನಕುರಳಿಯ ತವರಿನಲ್ಲಿ ಅವ್ವ ಬಾಣಂತನದುದ್ದಕ್ಕೂ ಶುಂಠಿ, ಮೆಣಸು, ಬೆಲ್ಲದ ಲೇಹ್ಯ ತಿನ್ನಿಸಿದ್ದಳು. ಗಡ್ಡೆ ಕರಗಿಸಿದ್ದು ಅದೇ ಎಂದು ತೀರ್ಮಾನಿಸಿದೆ. ಲೇಹ್ಯ ಒಲೆ ಏರುವ ಎರಡು ತಿಂಗಳು ಮುಂಚೆಯೇ ಗಡ್ಡೆ ಕುಗ್ಗಿತ್ತು ಎಂಬುದು ಹೊಳೆಯಲೇ ಇಲ್ಲ. ಗಂಡನ ಮನೆಗೆ ಬಂದವಳು ನಲ್ಲಿಯ ಹತ್ತಿರ, ಹಾಲಿನ ಡೈರಿಯ ಮುಂದೆ, ಕೇಳಿದವರಿಗೂ ಕೇಳದವರಿಗೂ ಉಪನ್ಯಾಸ ಕೊಟ್ಟೆ.

ನಂಬಿದವಳು ಪಕ್ಕದ ಅಕ್ಕಸಾಲಿಗರ ಮನೆಯ ಸೊಸೆ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ, ನನ್ನಂಥದೇ ನೋವು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿ ಎಂದು ಇಲ್ಲಿನ ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿದಳು.

"ಮೈಸೂರ್ಯಾಕಮ್ಮಿ? ಲೇಹ್ಯ ತಿನ್ನು. ಒಂದು ಮಗು ಆಗ್ಬುಡ್ಲಿ, ಗಡ್ಡೆ ತಾನಾಗೇ ಕರಗೋಯ್ತದೆ" ಎಂದೆ. ಮಗುವಾಗದಂತೆ ತಡೆಯುತ್ತಿರುವುದೇ ಆ ಗಡ್ಡೆಯಿರಬಹುದು ಎಂಬುದು ಈ ಮಹಾವೈದ್ಯೆಯ ತಲೆಗೆ ಬರಲಿಲ್ಲ. ಅವಳು ಚೀಟಿ ಮಡಿಚಿಕೊಂಡು, ಡಬ್ಬಿ ತುಂಬ ಲೇಹ್ಯ ತೆಗೆದುಕೊಂಡು ಹೋದಳು.

ಮಗಳಿಗೆ ವರ್ಷ ತುಂಬಿದ ಮೇಲೆ ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿ ಹಾಲು ಬಿಡಿಸಿದೆ. ಎರಡೇ ತಿಂಗಳಿಗೆ ಮುಟ್ಟು ಬಂತು. ಮೂರನೇ ಸಲಕ್ಕೆ ಹಳೆಯ ನೋವೂ ಹಾಜರಾಯಿತು. ಗುಟ್ಟಾಗಿ ಎರಡು ಪಟ್ಟು ಲೇಹ್ಯ ತಿಂದೆ. ನೋವು ಹೋಗಲಿಲ್ಲ, ಭೇದಿ ಶುರುವಾಯಿತು.

ಹಾಗೆ ಮುದುಡಿ ಮಲಗಿದ್ದ ಒಂದು ಮಧ್ಯಾಹ್ನ ಅಕ್ಕಸಾಲಿಗರ ಸೊಸೆ ಮತ್ತೆ ಖಾಲಿ ಡಬ್ಬಿ ಹಿಡಿದು ಬಂದಳು.

"ಇನ್ನೊಂದೀಟು ಕೊಡಿ ಅಕ್ಕಾ, ನೋವು ನಿಲ್ತಾನೇ ಇಲ್ಲ. ಅಯ್ಯೋ, ನಿಮ್ಗೇನಾಯ್ತು?"

ನಾಚಿಕೆಯಿಂದ ಗೋಡೆಯ ಕಡೆ ತಿರುಗಿಕೊಂಡೆ. "ನಂಗೂ ಅದೇ ಕಣಮ್ಮಿ, ತಿರ್ಗ ಬಂದ್ಬುಟ್ಟದೆ. ಆ ಚೀಟಿ ಐತಾ? ನಾಳೀಕೆ ಇಬ್ರೂ ಓಗವಾ."

ಮೈಸೂರಿನಲ್ಲಿ ಇಬ್ಬರಿಗೂ ಸ್ಕ್ಯಾನ್ ಆಯಿತು. ನನ್ನ ಗಡ್ಡೆ ಮತ್ತೆ ಗೋಲಿಯಷ್ಟಾಗಿತ್ತು. ಅವಳಿಗೆ ಎರಡೂ ಕಡೆ ಗಡ್ಡೆ, ಒಂದೊಂದೂ ನನ್ನ ನಿಂಬೆಹಣ್ಣಿಗಿಂತ ದೊಡ್ಡದು. ಆಪರೇಷನ್ ಆಗಬೇಕು ಎಂದ ಡಾಕ್ಟರಮ್ಮ ಚೀಟಿ ತಿರುಗಿಸಿ ನೋಡಿದರು. "ಇದು ವರ್ಷದ ಹಿಂದಿನದು. ಇಷ್ಟು ದಿನ ಯಾಕೆ ಬರಲಿಲ್ಲ?"

ಅವಳು ನನ್ನ ಕಡೆ ನೋಡಲೂ ಇಲ್ಲ. "ಮನೇಲಿ ಕೆಲ್ಸ ಇತ್ತು ಮೇಡಂ" ಎಂದಳು.

ಅವಳು ನನಗಾಗಿ ಹೇಳಿದ ಆ ಸುಳ್ಳನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ನಾನೇ ಬ್ಯಾಡ ಅಂದಿದ್ದು ಮೇಡಂ" ಎಂದೆ.

"ನೀವೇನು ಡಾಕ್ಟರಾ?"

"ಅಲ್ಲ ಮೇಡಂ, ಪಕ್ಕದ ಮನೆಯವಳು."

ಅಷ್ಟು ಹೇಳುವುದಕ್ಕೆ ನನಗೆ ಒಂದು ವರ್ಷ ತಡವಾಗಿತ್ತು.