ಬಾಗೂರಿನ ಫೋನು

ಕೊರೊನಾ ತಣ್ಣಗಾದ ಮರುವರ್ಷ. ಪೊಲೀಸರು ಜಪ್ತಿ ಮಾಡಿದ ಮೊಬೈಲುಗಳಿಂದ ಸಾಕ್ಷ್ಯ ತೆಗೆದುಕೊಡುವ ಡಿಜಿಟಲ್ ಫೊರೆನ್ಸಿಕ್ಸ್ ಕೆಲಸದಲ್ಲಿ ನಾನು ಚಿತ್ರದುರ್ಗದಲ್ಲಿದ್ದೆ. ನನ್ನ ಬಾಯಿಗೆ ಹೆದರದ ಪೇದೆ ಇರಲಿಲ್ಲ. ಜಪ್ತಿಯಾದ ಫೋನನ್ನು ಯಾರಾದರೂ ಆನ್ ಮಾಡಿ ತಂದರೆ, "ಏನಪ್ಪ, ಹೆಣಕ್ಕೆ ಸ್ನಾನ ಮಾಡಿಸಿ ಪೋಸ್ಟ್‌ಮಾರ್ಟಂಗೆ ತಂದೆಯಾ?" ಎಂದು ಎಲ್ಲರ ಮುಂದೆ ಬೈಯುತ್ತಿದ್ದೆ.

ಹೊಸದುರ್ಗ ತಾಲ್ಲೂಕಿನ ಬಾಗೂರಿನಿಂದ ರೂಪಾಳ ಫೋನು ಬಂತು. ಇಪ್ಪತ್ತೆರಡರ ಹುಡುಗಿ, ಮದುವೆ ಗೊತ್ತಾಗಿತ್ತು. ಮೆಸೇಜಿಂಗ್ ಆ್ಯಪ್ ಒಳಗಿನ ಕಳ್ಳಸಂತೆಯಲ್ಲಿ ತೂಕ ಇಳಿಸುವ ಮಾತ್ರೆ ತರಿಸಿ ನುಂಗಿದ್ದಳು. ಮೈ ಕೆಂಡವಾಗಿ ಎರಡೇ ದಿನಕ್ಕೆ ತೀರಿಕೊಂಡಳು. ಮಾರಿದವನಿಗೆ ಹೆಸರಿಲ್ಲ, ಅಂಗಡಿಯಿಲ್ಲ. ಅವನ ಜಾಡು ಇದ್ದದ್ದು ಅವಳೊಂದಿಗಿನ ಚಾಟ್‌ನಲ್ಲಿ ಮಾತ್ರ. ಅದು ಕೈತಪ್ಪಿದರೆ ಅವನು ಇನ್ನೊಬ್ಬಳಿಗೆ ಮಾರುತ್ತಾನೆ.

ನಮ್ಮ ಕ್ರಮ ಸರಳ. ಸಿಗ್ನಲ್ ತಲುಪದ ಚೀಲದಲ್ಲಿ ಫೋನನ್ನಿಟ್ಟು, ಮೊದಲು ಅದರ ಪೂರ್ತಿ ಪ್ರತಿ ತೆಗೆಯಬೇಕು. ಇದಕ್ಕೆ ಇಮೇಜಿಂಗ್ ಎನ್ನುತ್ತೇವೆ. ಆಮೇಲೆ ಮುಟ್ಟುವುದೆಲ್ಲ ಪ್ರತಿಯನ್ನೇ. ಅಂದು ಯಂತ್ರ ಬೇರೆ ಕೇಸಿನಲ್ಲಿತ್ತು, ರೂಪಾಳ ಸರದಿ ಮರುದಿನಕ್ಕೆ.

ಅಷ್ಟರಲ್ಲಿ ಅವಳ ತಾಯಿ ಗಂಗಮ್ಮ ಬಂದರು. ಮಗಳು ಸೋಬಾನೆ ಪದ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳಂತೆ. ಪಿನ್ ಅವರಿಗೆ ಗೊತ್ತಿತ್ತು.

"ನಾಳೆ ಹನ್ನೊಂದನೇ ದಿನ ಐತ್ರಿ. ಒಂದ್ಸಲ ಅವಳ ದನಿ ಕೇಳಿಸ್ರಿ, ಹೋಗ್ತೀನಿ," ಎಂದರು.

ನನಗೂ ಮಗಳಿದ್ದಾಳೆ. ಚೀಲದಿಂದ ತೆಗೆದು ಆನ್ ಮಾಡಿದೆ. ಸಿಮ್ ಒಳಗೇ ಇತ್ತು, ಹಾಳಾದ್ದು ನೆನಪೇ ಆಗಲಿಲ್ಲ.

ಗಂಗಮ್ಮ ಕಣ್ಣು ಮುಚ್ಚಿ ಹಾಡು ಕೇಳಿದರು. ಅದು ಮುಗಿಯುವಷ್ಟರಲ್ಲಿ ಫೋನು ನೆಟ್‌ವರ್ಕ್ ಹಿಡಿದಿತ್ತು. ಮಾರಾಟಗಾರ ಆಗಲೇ ಇಬ್ಬರ ಫೋನಿನಿಂದಲೂ ಹೋಗುವಂತೆ ಚಾಟ್ ಅಳಿಸಿದ್ದ. ಆ ಆದೇಶ ರೂಪಾಳ ಫೋನಿಗೆ ತಲುಪಲು ಕಾದಿತ್ತು, ತಲುಪಿದ್ದೇ ಇಲ್ಲಿಯ ಚಾಟ್ ಕೂಡ ಅಳಿಸಿಹೋಯಿತು. ಮರುದಿನ ಎಷ್ಟು ಜಾಲಾಡಿದರೂ ಚೂರುಪಾರು ಬಿಟ್ಟು ಏನೂ ಸಿಗಲಿಲ್ಲ. ತಪ್ಪನ್ನು ವರದಿಯಲ್ಲಿ ನಾನೇ ಬರೆದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕು ತಿಂಗಳಿಗೆ ಹೊಳಲ್ಕೆರೆಯಿಂದ ಇನ್ನೊಂದು ಫೋನು ಬಂತು. ಅದೇ ಮಾತ್ರೆ, ಸತ್ತವಳು ಇನ್ನೊಬ್ಬ ಹುಡುಗಿ. ಅವಳ ತಾಯಿಯೂ ಬಾಗಿಲಲ್ಲಿ ನಿಂತು, ಮಗಳ ದನಿ ಕೇಳಿಸಿ ಎಂದರು. ಇವತ್ತಾಗುವುದಿಲ್ಲ ಎಂದೆ.

"ನಿಮ್ಗೆ ಮಕ್ಕಳಿಲ್ವೇನ್ರಿ?" ಎಂದರು.

ಚೀಲ ಎತ್ತಿಕೊಂಡು ಒಳಗೆ ಹೋದೆ. ಆ ಫೋನಿನ ಪ್ರತಿಯಿಂದಲೇ ಮಾರಾಟಗಾರ ಸಿಕ್ಕಿಬಿದ್ದ.

ಪ್ರತಿ ತೆಗೆಯುವ ಮುಂಚೆ ಕರುಣೆ ತೋರಬಾರದು ಎಂದು ಈ ಕೆಲಸ ಕಲಿಸಿತು. ಗಂಗಮ್ಮನ ಮುಂದೆಯೇ ಅದನ್ನು ಪಾಲಿಸಿದ್ದರೆ ಹೊಳಲ್ಕೆರೆಯ ಹುಡುಗಿ ಬದುಕಿರುತ್ತಿದ್ದಳೇನೋ. ಗಂಗಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ವರ್ಷಾವರ್ಷ ಮಗಳ ತಿಥಿಯ ದಿನ ಫೋನ್ ಮಾಡಿ, ದನಿ ಕೇಳಿಸಿದ್ದಕ್ಕೆ ನನ್ನನ್ನು ಹರಸುತ್ತಾರೆ.