ಜನರೇಟರ್ ನೆನೀತಿತ್ತು, ಪಾಪ!

ಪೆಟ್ರೋಲ್ ತರಲು ಹೋಗಿ ವಾಪಸ್ ಬರುವಷ್ಟರಲ್ಲಿ ನಮ್ಮ ಅಂಗಳದಿಂದ ಜನರೇಟರ್ ಮಾಯವಾಗಿತ್ತು.

ಅದಕ್ಕೆಂದೇ ಕಟ್ಟಿದ್ದ ತಗಡಿನ ಮಾಡು ಅಲ್ಲೇ ಇತ್ತು. ಅಡಿಯಲ್ಲಿ ಇಟ್ಟಿದ್ದ ಕಲ್ಲುಗಳೂ ಇದ್ದವು. ಜನರೇಟರ್ ಮಾತ್ರ ಇಲ್ಲ. ಆದರೆ ಅದರ ಗುಡುಗುಡು ಸದ್ದು ಕೇಳುತ್ತಲೇ ಇದೆ! ಕದ್ದವನು ಚಾಲೂ ಇಟ್ಟುಕೊಂಡೇ ಓಡುತ್ತಾನೆಯೇ?

ಯಾರೂ ಕದ್ದಿರಲಿಲ್ಲ. ಸದ್ದು ನಮ್ಮ ಮನೆಯ ಜಗಲಿಯಿಂದಲೇ ಬರುತ್ತಿತ್ತು.

ಇಲ್ಲೊಂದು ಸಣ್ಣ ಫ್ಲ್ಯಾಶ್‌ಬ್ಯಾಕ್. ನಮ್ಮದು ಸಾಗರದ ಒಂದು ವಠಾರ. ಎರಡು ಮನೆ, ಒಂದೇ ಅಂಗಳ. ಒಂದರಲ್ಲಿ ನಾನು ಮತ್ತು ನಮ್ಮಕ್ಕ, ಇನ್ನೊಂದರಲ್ಲಿ ಪದ್ಮಕ್ಕ ಮತ್ತು ಅವರ ಯಜಮಾನರು. ಅಕ್ಕನ ಶ್ವಾಸಕೋಶ ಸೋತಿದೆ. ದಿನದ ಬಹುಪಾಲು ಮೂಗಿಗೆ ನಳಿಕೆ ಹಾಕಿಕೊಂಡೇ ಇರಬೇಕು. ನಳಿಕೆಯ ಇನ್ನೊಂದು ತುದಿಯಲ್ಲಿ ಆಕ್ಸಿಜನ್ ಕೊಡುವ ಮಷೀನು. ಆ ಮಷೀನಿಗೆ ಕರೆಂಟ್ ಬೇಕು. ಆಷಾಢದ ಮಳೆಯಲ್ಲಿ ಕರೆಂಟ್! (ನಗಬೇಡಿ, ನಾನು ಸೀರಿಯಸ್ಸಾಗಿ ಹೇಳುತ್ತಿದ್ದೇನೆ.)

ಎಲ್ಲೋ ನಿಟ್ಟೂರಿನ ಕಡೆ ಮರ ಬಿತ್ತಂತೆ, ಇನ್ನೆಲ್ಲೋ ಕಂಬ ಮುರಿಯಿತಂತೆ. ಇನ್ವರ್ಟರ್ ಒಂದು ದಿನ ದುಡಿದು ಕಣ್ಣು ಮುಚ್ಚಿತು. ಕೊನೆಗೆ ಶಾಮಿಯಾನದ ಅಂಗಡಿಯಿಂದ ಒಂದು ಸಣ್ಣ ಜನರೇಟರನ್ನು ಬಾಡಿಗೆಗೆ ತಂದೆ. ಅಂಗಡಿಯವನು ಕೊಡುವಾಗಲೇ ಷರತ್ತು ಹಾಕಿದ.

"ಮನೆ ಒಳಗೆ ಇಡ್ಬೇಡಿ ಸಾರ್, ಹೊಗೆ. ಹೊರಗೆ ಇಟ್ರೆ ನೆನೀಬಾರ್ದು, ಶಾಕ್ ಹೊಡೀತದೆ. ನೆನೀತದೆ ಅಂತ ಪ್ಲಾಸ್ಟಿಕ್ ಹೊದಿಸ್ಬೇಡಿ, ಬಿಸಿಯಾಗಿ ಸುಟ್ಟೋಗ್ತದೆ."

"ಮತ್ತೆ ಎಲ್ಲಿಡೋದು ಮಾರಾಯ?"

"ಅದು ನೀವು ನೋಡ್ಕಳಿ."

ನೋಡಿಕೊಂಡೆ. ಅಂಗಳದ ದೂರದ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು, ಮೇಲೆ ಅಗಲವಾಗಿ ತಗಡು ಹೊದಿಸಿ, ಕೆಳಗೆ ಕಲ್ಲಿಟ್ಟು, ಹೊಗೆ ಬೀದಿಯ ಕಡೆಗೆ ಹೋಗುವಂತೆ ಇಟ್ಟೆ. ನಾಲ್ಕೂ ಕಡೆ ಗಾಳಿ. ನೋಡಲು ಚೆನ್ನಾಗಿರಲಿಲ್ಲ, ಆದರೆ ಕೆಲಸ ನಡೆಯುತ್ತಿತ್ತು. ಆ ವಾರದಲ್ಲಿ ನಾನು ಮಾಡಿದ ಒಂದೇ ನೆಟ್ಟಗಿನ ಕೆಲಸ ಅದು.

ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆಯಲ್ಲ? ಅಂಗಳದಲ್ಲಿ ಏನೇ ಇರಲಿ, ಯಾರದ್ದೇ ಇರಲಿ, ಮಳೆ ಬಂದರೆ ಮೊದಲು ಕಂಡವರು ಎತ್ತಿ ಒಳಗೆ ಹಾಕಬೇಕು. ಹಪ್ಪಳವೋ, ಹಾಸಿಗೆಯೋ, ಸೌದೆಯೋ, ಕೇಳುವಂತಿಲ್ಲ. ಪಕ್ಕದ ಮನೆಯವರ ಜತೆ ಮಾತು ಬಿಟ್ಟಿದ್ದರೂ ಅವರ ಹಪ್ಪಳ ನೆನೆಯಲು ಬಿಡುವಂತಿಲ್ಲ. ನಮ್ಮ ಎಷ್ಟೋ ಬಟ್ಟೆಬರೆ ಪದ್ಮಕ್ಕನ ಕೈಯಿಂದ ಉಳಿದಿವೆ.

ಹಾಗಾಗಿ, ನಾನು ಆ ಕಡೆ ಹೋದೆ, ಈ ಕಡೆ ಗಾಳಿ ತಿರುಗಿ ಎರಚಲು ಬಡಿಯಿತು, ಪದ್ಮಕ್ಕ ಕಂಡರು.

"ಬಂದ್ರಾ? ಎಂಥಾ ಮಳೆ ಮಾರಾಯ್ರೆ!" ಅವರು ಹಣೆ ಒತ್ತಿಕೊಳ್ಳುತ್ತಾ ನಮ್ಮ ಜಗಲಿಯಿಂದಲೇ ಕೂಗಿದರು. "ಎರಚಲು ಹೊಡೆದು ಜನರೇಟರ್ ನೆನೀತಿತ್ತು, ಪಾಪ! ನಾನೂ ಇವ್ರೂ ಸೇರಿ ಒಳಗೆ ತಂದಿಟ್ವಿ. ಆಫ್ ಮಾಡ್ಲಿಲ್ಲ ಮತ್ತೆ! ಅಕ್ಕಂಗೆ ಉಸಿರು ಬೇಕಲ್ಲ!"

ಅಷ್ಟೇ ಅಲ್ಲ, ಎರಚಲು ಒಳಗೆ ಬರಬಾರದೆಂದು ಜಗಲಿಯ ಗ್ರಿಲ್ಲಿಗೆ ಸುತ್ತಲೂ ನೀಲಿ ಟಾರ್ಪಾಲು ಕಟ್ಟಿದ್ದರು. ಬಿಗಿಯಾಗಿ. ಜಗಲಿಗೆ ತಾಗಿಕೊಂಡೇ ಅಕ್ಕನ ಕೋಣೆ, ನಡುವೆ ತೆರೆದ ಕಿಟಕಿ.

ಒಳಗೆ ಓಡಿದೆ. ಅಕ್ಕ ಮಂಚದ ಮೇಲೆ ಓರೆಯಾಗಿ ಒರಗಿದ್ದಳು. "ತಲೆ ಸಿಡೀತಿದೆ ಕಣೋ. ವಾಂತಿ ಬರೋ ಹಾಗಾಗ್ತಿದೆ."

"ಥಂಡಿ ಅದು," ಎಂದರು ಹಿಂದಿನಿಂದ ಪದ್ಮಕ್ಕ. "ನಂಗೂ ಸಿಡೀತಿದೆ. ಶುಂಠಿ ಕಷಾಯಕ್ಕಿಟ್ಟು ಬಂದಿದೀನಿ."

ಜನರೇಟರ್ ಆಫ್ ಮಾಡಿದೆ. ತಕ್ಷಣ ಆಕ್ಸಿಜನ್ ಮಷೀನೂ ನಿಂತು, ಕುಂಯ್ ಎಂದು ಕೂಗಲು ಶುರು ಮಾಡಿತು. ಚಾಲೂ ಇಟ್ಟರೆ ಹೊಗೆ, ಆಫ್ ಮಾಡಿದರೆ ಉಸಿರಿಲ್ಲ. ಅಕ್ಕನನ್ನು ಎತ್ತಿಕೊಂಡು ಸುರಿಯುವ ಮಳೆಗೇ ತಂದೆ. ಇವಳಿಗೆ ಶೀತಗಾಳಿ ತಾಗಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಪದ್ಮಕ್ಕನ ಯಜಮಾನರು ಕೊಡೆ ಹಿಡಿದು ಆಟೋ ಕರೆದರು. ಪದ್ಮಕ್ಕನನ್ನೂ ಅದಕ್ಕೇ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಇಬ್ಬರಿಗೂ ಆಕ್ಸಿಜನ್ ಹಚ್ಚಿದರು. ಎಂಜಿನ್ನಿನ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಒಂದು ವಿಷವಿದೆ, ಮುಚ್ಚಿದ ಜಾಗದಲ್ಲಿ ಅದು ಸದ್ದಿಲ್ಲದೆ ಕೊಲ್ಲುತ್ತದೆ ಎಂದು ವಿವರಿಸಿದರು. ಪದ್ಮಕ್ಕ ನಂಬಲಿಲ್ಲ. "ಹೊಗೆ ಅಂದ್ರೆ ಕಣ್ಣು ಉರೀಬೇಕಲ್ವಾ ಡಾಕ್ಟ್ರೇ? ನಾವು ಬಚ್ಚಲೊಲೆ ಊದಿ ಬೆಳೆದವ್ರು. ಹೊಗೆ ಗೊತ್ತಾಗಲ್ವಾ ನಮಗೆ?"

ಆಗ ನನ್ನ ತಾಳ್ಮೆ ತಪ್ಪಿತು. ಭಯ ಇಳಿಯುವಾಗ ಸಿಟ್ಟು ಏರುತ್ತದಲ್ಲ, ಹಾಗೆ. "ನಿಮಗೆ ಯಾರು ಹೇಳಿದ್ರು ಮುಟ್ಟೋಕೆ? ನಮ್ಮನೆ ಸಾಮಾನು ನೆನೀಲಿ, ಹಾಳಾಗ್ಲಿ, ನಿಮಗೆಂತ? ಇನ್ಮೇಲೆ ನಮ್ಮ ಯಾವ ವಸ್ತೂ ಮುಟ್ಬೇಡಿ!"

ಪದ್ಮಕ್ಕ ಮೂಗಿನ ನಳಿಕೆ ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದರು.

ಅಕ್ಕ ಉಳಿದಳು. ನಾಲ್ಕು ದಿನ ಬಿಟ್ಟು ಮನೆಗೂ ಬಂದಳು. ಜನರೇಟರನ್ನು ಒರೆಸಿ, ಒಣಗಿಸಿ, ಮತ್ತೆ ಅದೇ ಮೂಲೆಯಲ್ಲಿ ಇಟ್ಟೆ. ತಗಡನ್ನು ಇನ್ನಷ್ಟು ಹೊರಕ್ಕೆ ಚಾಚಿ ಎರಚಲಿಗೂ ತಡೆ ಮಾಡಿದೆ. ಕರೆಂಟ್ ಒಮ್ಮೆ ಮುಖ ತೋರಿಸಿ ಮತ್ತೆ ಹೋಗಿತ್ತು. ನನಗೆ ಯಾರ ಮೇಲೂ ಸಿಟ್ಟು ಉಳಿದಿರಲಿಲ್ಲ, ಬರೀ ಸುಸ್ತು.

"ಪದ್ಮಂಗೆ ಹಾಗೆ ಅನ್ಬಾರ್ದಿತ್ತು," ಎಂದಳು ಅಕ್ಕ.

"ನಿನ್ನ ಜೀವ ಹೋಗ್ತಿತ್ತು."

"ಹೌದು. ಆದ್ರೂ."

ಮೊನ್ನೆ ಮಳೆ ನಿಂತು ತುಸು ಹೊಳವಾಯಿತು. ವಾರಗಟ್ಟಲೆ ಮುಗ್ಗಲು ಹಿಡಿದಿದ್ದ ಅಕ್ಕನ ಕಂಬಳಿಯನ್ನು ಅಂಗಳದ ತಂತಿಗೆ ಹಾಕಿ, ನಾನು ಒಳಗೆ ಬಂದು ಈ ಅಂಕಣ ಬರೆಯಲು ಕುಳಿತೆ. ಕುಳಿತಲ್ಲೇ ಕಣ್ಣು ಹತ್ತಿತು. (ಸಂಪಾದಕರು ಕ್ಷಮಿಸಬೇಕು.) ಎಚ್ಚರವಾದಾಗ ಹೊರಗೆ ಧೋ ಎಂದು ಸುರಿಯುತ್ತಿತ್ತು.

ಓಡಿದೆ. ಕಂಬಳಿ ತಂತಿಯಲ್ಲೇ ತೊಪ್ಪೆಯಾಗಿ ಜೋತು ಬಿದ್ದಿತ್ತು, ತುದಿಯಿಂದ ನೀರು ಇಳಿಯುತ್ತಿತ್ತು. ಎದುರು ಜಗಲಿಯಲ್ಲಿ ಪದ್ಮಕ್ಕ ನಿಂತಿದ್ದರು. ಮಳೆಯ ಮೊದಲ ಹನಿಯಿಂದಲೂ ನಿಂತಿದ್ದರೆಂದು ಅವರ ಮುಖವೇ ಹೇಳುತ್ತಿತ್ತು. ಕೊಡೆ ಕೈಯಲ್ಲೇ ಇತ್ತು.

"ನೆನೀತಿತ್ತು," ಎಂದರು ಮೆಲ್ಲಗೆ. "ಮುಟ್ಲಾ ಬೇಡ್ವಾ ಗೊತ್ತಾಗ್ಲಿಲ್ಲ."

ಜನರೇಟರಿಗೇನೋ ಮಾಡು ಹಾಕಿದೆ. ಇದಕ್ಕೆ ಏನು ಹಾಕಲಿ, ಹೇಳಿ?